ಕೌದಿ ಹೊದ್ದು ಒದರಿದ ಕಾರು

ಕಾರುಗಳ್ಳರ ಕಾಲ ಮುಗಿಯಿತು, ಚಿಕ್ಕೋಡಿಯ ನಮ್ಮ ಓಣಿಯ ಮಟ್ಟಿಗಾದರೂ ಮುಗಿಯಿತು ಎಂದು ನಾನು ಬಲವಾಗಿ ನಂಬಿದ್ದೆ. ನಂಬದೆ ಏನು ಮಾಡಲಿ? ನನ್ನ ಕಾರಿಗೆ ಅಷ್ಟೊಂದು ಬಂದೋಬಸ್ತು ಮಾಡಿಸಿದ್ದೆ!

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಿವೃತ್ತಿಯ ನಂತರ ನಾನೂ ನನ್ನ ಹೆಂಡತಿ ಸುಶೀಲಾಳೂ ಕೂಡಿ ಕಾರು ಕೊಂಡೆವು. ಬಣ್ಣ ಆರಿಸಿದವಳು ಅವಳೇ. "ಬಿಳೇದು ಎಲ್ಲಾರೂ ತಗೋತಾರ, ನಮಗ ಕೆಂಪಂದ ಇರ್ಲಿ" ಅಂದಳು. ಒಂದು ಬೇಸಿಗೆ ಪೂರ್ತಿ ಇಬ್ಬರೂ ಅದರಲ್ಲಿ ಅಡ್ಡಾಡಿದೆವು. ಮುಂದಿನ ಬೇಸಿಗೆಗೆ ಅವಳು ಇರಲಿಲ್ಲ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾನು, ಬಾಗಿಲ ಮುಂದೆ ಕಾರು. ಇಬ್ಬರಲ್ಲಿ ನೆಟ್ಟಗೆ ಓಡುತ್ತಿದ್ದದ್ದು ಕಾರೊಂದೇ.

ಹಿಂಗಿರುವಾಗ ಹಿಂದಿನ ಓಣಿಯಲ್ಲಿ ಯಾರದೋ ಜೀಪು ಕಳುವಾಯಿತು. ಅವತ್ತಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಬೇರೆ ಏನು ಹೋದರೂ ಹೋಗಲಿ, ಸುಶೀಲಾ ಆರಿಸಿದ ಕೆಂಪು ಕಾರು ಹೋಗಬಾರದು. ನೇರ ನಿಪ್ಪಾಣಿಗೆ ಹೋದೆ. ಅಲ್ಲಿ ಹೈವೇ ಪಕ್ಕ ಗಾಡಿಗಳಿಗೆ ಇಂಥವನ್ನೆಲ್ಲ ಹಾಕಿಕೊಡುವ ಅಂಗಡಿಯೊಂದಿದೆ. ಸ್ಟೇರಿಂಗಿಗೆ ಲಾಕು, ಗೇರಿಗೆ ಲಾಕು, ಮುಟ್ಟಿದರೆ ಒದರುವ ಸೈರನ್ನು, ಕಾರು ಎಲ್ಲಿದ್ದರೂ ಮೊಬೈಲಿನಲ್ಲಿ ತೋರಿಸುವ ಜಿಪಿಎಸ್ಸು, ಎಲ್ಲವನ್ನೂ ಹಾಕಿಸಿದೆ. ಮೊಬೈಲಿನಲ್ಲೇ ಗುಂಡಿ ಒತ್ತಿ ಸೈರನ್ನು ಒದರಿಸಬಹುದಿತ್ತು. ಇಂಜಿನ್ ಬಂದ್ ಮಾಡಬಹುದಿತ್ತು.

"ಮಾಸ್ತರ್, ಆತಾ ಕಾಳಜೀಚ ನಕೊ!" ಇನ್ನು ಚಿಂತೆಯೇ ಬೇಡ ಎಂದು ಮರಾಠಿಯಲ್ಲಿ ಅಭಯ ಕೊಟ್ಟ ಅಂಗಡಿಯವನು. "ಕದಿಯೂದು ದೂರ ಉಳೀತು, ಇನ್ನ ಈ ಗಾಡಿ ಹಂತ್ಯಾಕ ನಾಯಿನೂ ಬರೂದಿಲ್ಲ."

ನಾಯಿ ಬರಲಿಲ್ಲ, ನಿಜ. ಕಬ್ಬಿನ ಟ್ರ್ಯಾಕ್ಟರುಗಳು ಬಂದವು! ಹಂಗಾಮು ಶುರುವಾಗಿತ್ತು. ದೊಡ್ಡ ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರು ಓಣಿಯ ತುದಿಗೆ ಬಂದರೆ ಸಾಕು, ನೆಲ ನಡುಗಿ ನನ್ನ ಕಾರು ತಾನೂ ದನಿಗೂಡಿಸುತ್ತಿತ್ತು. ಪಕ್ಕದ ಮನೆಯ ವಿಮಲಾ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬರುತ್ತಿದ್ದರು.

"ಮಾಸ್ತರ್ರ, ಏನ್ರಿ ಇದು, ಕಾರೋ ಕೂಸೋ?"

"ಸೇಫ್ಟಿರೀ ಕಾಕು, ಸೇಫ್ಟಿ!"

"ಕಾರು ಸೇಫ್ ಇರ್ಲಿ, ನಮ್ಮ ಕಿವಿ ಉಳೀಬೇಕಲ್ರಿ!"

ಕಾಕು ಬೈದರೂ ನನಗೆ ಬೇಜಾರಾಗುತ್ತಿರಲಿಲ್ಲ. ಖರೆ ಹೇಳುತ್ತೇನೆ, ಎಷ್ಟೋ ದಿನ ನನ್ನ ಜೊತೆ ಮಾತಾಡಿದವರು ಅವರೊಬ್ಬರೇ. ಅವರನ್ನು ಬಿಟ್ಟರೆ ಮೊಬೈಲು. ದಿನಾ ಮುಂಜಾನೆ ಅದರಲ್ಲಿ "ನಿಮ್ಮ ವಾಹನ ಸುರಕ್ಷಿತವಾಗಿದೆ" ಎಂದು ಸಂದೇಶ ಬರುತ್ತಿತ್ತು. ನನಗೆ ಬರುತ್ತಿದ್ದ ಸಂದೇಶ ಅದೊಂದೇ. ಬಹಳ ಮರ್ಯಾದೆಯಿಂದ ಓದುತ್ತಿದ್ದೆ.

ಇಂಥ ದಿನಗಳಲ್ಲಿ ಅಂಕಲಿಯಿಂದ ಅಣ್ಣಾಸಾಹೇಬ ಫೋನ್ ಮಾಡಿದ. ನನ್ನ ಜೊತೆ ಮಾಸ್ತರಿಕೆ ಮಾಡಿ ಈಗ ಕಬ್ಬು ಬೆಳೆಸುತ್ತಿರುವ ಹಳೆಯ ಗೆಳೆಯ. ಹೊಸ ಮನೆ ಕಟ್ಟಿದ್ದ. ವಾಸ್ತುಶಾಂತಿಯ ಊಟಕ್ಕೆ ಬರಲೇಬೇಕು ಅಂದ. ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಹೋದೆ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ. ಅದಕ್ಕಿಂತ ರುಚಿಯಾಗಿದ್ದದ್ದು ಮಾತು! ಹಳೆಯ ಮಾಸ್ತರುಗಳೆಲ್ಲ ಸೇರಿದ್ದರು. ನಾನು ಒಂದು ಹೇಳಿದರೆ ನಾಲ್ಕು ಮಂದಿ ನಗುತ್ತಿದ್ದರು. ನನ್ನ ಮಾತಿಗೆ ಯಾರಾದರೂ ನಕ್ಕು ಎಷ್ಟು ಕಾಲವಾಗಿತ್ತೋ! ಸಂಜೆ ಚಿಕ್ಕೋಡಿ ಕಡೆಯವರೆಲ್ಲ ಜೀಪಿನಲ್ಲಿ ಹೊರಟು, "ಬರ್ರಿ ಮಾಸ್ತರ್, ಸರದ ಕುಂಡ್ರತೇವಿ" ಅಂದರು. ಹತ್ತಿ ಕುಳಿತೆ. ದಾರಿಯುದ್ದಕ್ಕೂ ಮಾತು, ನಗು. ಮನೆ ಮುಂದೆ ಇಳಿಸಿ ಹೋದರು. ಅವತ್ತು ಬಹಳ ದಿನಗಳ ಮೇಲೆ ಗಡದ್ದಾಗಿ ನಿದ್ದೆ ಬಂತು.

ಮುಂಜಾನೆ ಬಾಗಿಲು ತೆರೆದರೆ ಕಾರಿಲ್ಲ!

"ಕಾಕೂ!" ಎಂದು ನಾನು ಒದರಿದ್ದು ಆ ಸೈರನ್ನಿಗಿಂತ ಜೋರಾಗಿತ್ತಂತೆ. ಓಣಿಯೇ ಎದ್ದು ಬಂತು. ಮೊಬೈಲು ತೆಗೆದು ನೋಡಿದೆ. ಕಾರು ಅಂಕಲಿಯಲ್ಲಿದೆ!

ನಾನು ಗಣಿತದ ಮಾಸ್ತರ. ತಕ್ಷಣ ಲೆಕ್ಕ ಹಾಕಿದೆ. ನಿನ್ನೆ ನಾನು ಹೋಗಿದ್ದೂ ಅಂಕಲಿಗೇ. ಅಂದರೆ ಕಳ್ಳರು ಅಲ್ಲೇ ನನ್ನ ಕಾರಿನ ಮೇಲೆ ಕಣ್ಣಿಟ್ಟು, ನನ್ನ ಬೆನ್ನು ಹತ್ತಿ ಬಂದು, ಹೊಡೆದುಕೊಂಡು ಹೋಗಿದ್ದಾರೆ. ಇನ್ನು ಕೃಷ್ಣಾ ನದಿ ದಾಟಿಸಿ ಮಹಾರಾಷ್ಟ್ರಕ್ಕೆ ಒಯ್ಯುವುದಷ್ಟೇ ಬಾಕಿ! ಒತ್ತಿದೆ ಇಂಜಿನ್ ಬಂದ್ ಗುಂಡಿ. ಒತ್ತಿದೆ ಸೈರನ್ ಗುಂಡಿ. ಒದರಲಿ, ಅಂಕಲಿಗೆ ಅಂಕಲಿಯೇ ಎದ್ದು ಕಳ್ಳರನ್ನು ಹಿಡಿಯಲಿ!

ಠಾಣೆಗೆ ಓಡಿದೆ. ಒಬ್ಬ ಹವಾಲ್ದಾರರು ನನ್ನ ಅವತಾರ ನೋಡಿ ಮರುಗಿ ಎದ್ದರು. ವಿಮಲಾ ಕಾಕುವಿನ ಯಜಮಾನರ ಟಂಟಂ ರಿಕ್ಷಾದಲ್ಲಿ ಹೊರಟೆವು. ದಾರಿಯಲ್ಲಿ ಯಾವುದೋ ಗೊತ್ತಿಲ್ಲದ ನಂಬರಿನಿಂದ ನನಗೆ ಮೇಲಿಂದ ಮೇಲೆ ಫೋನ್ ಬರತೊಡಗಿತು.

"ಎತ್ತಬ್ಯಾಡ್ರಿ!" ಅಂದರು ಹವಾಲ್ದಾರರು. "ಕಳ್ಳರ ಇರ್ತಾರ. ಮಾತಾಡಿ ದಾರಿ ತಪ್ಪಸ್ತಾರ."

ಎತ್ತಲಿಲ್ಲ. ಹವಾಲ್ದಾರರು ವಿಚಾರಣೆ ಶುರು ಮಾಡಿದರು.

"ನಿನ್ನೆ ಅಂಕಲಿಂದ ಯಾವಾಗ ಬಂದ್ರಿ?"

"ಸಂಜಿಮುಂದ."

"ಹ್ಯಾಂಗ ಬಂದ್ರಿ?"

"ಗೆಳ್ಯಾರ ಜೀಪಿನ್ಯಾಗ."

"ಮತ್ತ ಹೋಗುಮುಂದ ಹ್ಯಾಂಗ ಹೋಗಿದ್ರಿ?"

"ನನ್ನ ಕಾರಿನ್ಯಾ..."

ಹವಾಲ್ದಾರರು ನನ್ನ ಮುಖ ನೋಡಿದರು. ನಾನು ಕಬ್ಬಿನ ಗದ್ದೆ ನೋಡಿದೆ. ಟಂಟಂನಿಂದ ಹಾರಿ ಅದರೊಳಗೆ ಹೊಕ್ಕುಬಿಡಲೇ ಅನಿಸಿತು. ಅಷ್ಟರಲ್ಲಿ ಊರು ಬಂತು. ಊರಿಗಿಂತ ಮೊದಲು ಸೈರನ್ನು ಕೇಳಿಸಿತು.

ಅಣ್ಣಾಸಾಹೇಬನ ಹೊಸ ಮನೆಯ ಮುಂದೆ ಜಾತ್ರೆಯಷ್ಟು ಜನ. ನಡುವೆ ನನ್ನ ಕೆಂಪು ಕಾರು. ಜ್ವರ ಬಂದವರಿಗೆ ಹೊದಿಸಿದಂತೆ ಅದರ ಮೇಲೆ ಕೌದಿಯ ಮೇಲೆ ಕೌದಿ ಹೊದಿಸಿದ್ದರು. ಒಳಗಿಂದ ಅದು ಒದರುತ್ತಲೇ ಇತ್ತು. ಅಣ್ಣಾಸಾಹೇಬ ಟಾವೆಲ್ ಮೇಲೆಯೇ ಎದುರು ಬಂದ. ಅರ್ಧ ಗಲ್ಲಕ್ಕೆ ಸಾಬೂನಿನ ನೊರೆ ಹಂಗೇ ಇತ್ತು.

"ಲೇ ಮಾಸ್ತರ! ಕಾರ್ ಬಿಟ್ಟು ಹೋದಿ, ಇರ್ಲಿ ಅಂದ್ನಿ. ಮುಂಜಾನಿಂದ ಒದರಾಕತ್ತೈತಿ! ಎಮ್ಮಿ ಹಾಲ ಹಿಂಡಗೊಡವಲ್ದು! ನಿನಗ ನನ್ನ ಫೋನ್ ಹತ್ತಲಿಲ್ಲ, ಹೆಂಡ್ತಿ ಫೋನಿಂದ ಮಾಡಿದ್ರ ಎತ್ತವಲ್ಲಿ!"

ನಾನು ಮೊಬೈಲಿನಲ್ಲಿ ಸೈರನ್ ಬಂದ್ ಮಾಡುವ ಗುಂಡಿ ಒತ್ತಿದೆ. ನೆಟ್‌ವರ್ಕ್ ಇಲ್ಲ ಅಂತು. ಕೀಲಿ ಹುಡುಕಿದೆ. ಅದು ನಿನ್ನೆಯ ಪ್ಯಾಂಟಿನಲ್ಲಿ, ಚಿಕ್ಕೋಡಿಯಲ್ಲಿ! ಕಡೆಗೆ ಹಳ್ಳಿಯ ಮೆಕ್ಯಾನಿಕ್ ಹೇಗೋ ಬಾನೆಟ್ ಎತ್ತಿ ಬ್ಯಾಟರಿಯ ವೈರು ಕಿತ್ತ. ಊರಿಗೆ ಊರೇ ಉಸಿರು ಬಿಟ್ಟಿತು. ಆ ನಿಶ್ಶಬ್ದದಲ್ಲಿ ಹವಾಲ್ದಾರರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, ಬಹಳ ಗಂಭೀರವಾಗಿ ಕೇಳಿದರು:

"ಮಾಸ್ತರ್, ಗಾಡಿ ಸಿಕ್ಕತು. ಕಳ್ಳ ನನ್ನ ಜೋಡಿನ ಟಂಟಂನ್ಯಾಗ ಬಂದಾನ ಅಂತ ಸಾಹೇಬ್ರಿಗೆ ಹೇಳ್ಲೇನ್ರಿ?"

ನೆರೆದವರೆಲ್ಲ ನಕ್ಕರು. ಅಣ್ಣಾಸಾಹೇಬನೂ ನಕ್ಕ. ನಾನೂ ನಕ್ಕೆ. ಆದರೆ ಕೌದಿ ತೆಗೆಯುವಾಗ ನನ್ನ ಮೋರೆ ಚಿಕ್ಕದಾದದ್ದನ್ನು ಅವನು ನೋಡಿರಬೇಕು. ಹತ್ತಿರ ಬಂದು ಮೆಲ್ಲಗೆ ಅಂದ: "ಸುಶೀಲಕ್ಕ ಇದ್ದಿದ್ರ ಜೀಪು ಹತ್ತಾಕ ಬಿಡ್ತಿದ್ದಿಲ್ಲ."

"ಹೌದು," ಅಂದೆ. "ಆಕೀನ ಮೊದಲ ಕಾರಿನ್ಯಾಗ ಕುಂತಿರ್ತಿದ್ಲು."

ಇದಾಗಿ ಕೆಲವು ವಾರಗಳ ಮೇಲೆ ಅಣ್ಣಾಸಾಹೇಬನ ಫೋನು ಬಂತು. "ಐತ್ವಾರ ಊಟಕ್ಕ ಬಾ. ಈ ಸಲ ಬಸ್ಸಿಗೆ ಬಾ!"

ಬಸ್ಸಿಗೇ ಹೋದೆ. ಹೋಗುವ ಮುಂಚೆ ಕಾರಿನ ಸ್ಟೇರಿಂಗ್ ಲಾಕು, ಗೇರ್ ಲಾಕು, ಬಾಗಿಲು, ಎಲ್ಲವನ್ನೂ ಎಳೆದೆಳೆದು ಪರೀಕ್ಷೆ ಮಾಡಿದೆ. ಹೊಟ್ಟೆತುಂಬ ಉಂಡು, ಬಾಯಿತುಂಬ ಮಾತಾಡಿ ಸಂಜೆ ತಿರುಗಿ ಬಂದೆ. ಕಾರು ಇಟ್ಟಲ್ಲೇ ಇತ್ತು. ಎದೆ ಉಬ್ಬಿತು. ಆದರೆ ನನ್ನ ಮನೆಯ ಹೊಸ್ತಿಲ ಮೇಲೆ ವಿಮಲಾ ಕಾಕು ಕುಳಿತು ಮೆಂತೆಪಲ್ಲೆ ಸೋಸುತ್ತಿದ್ದರು. ಅವರ ಹಿಂದೆ ಬಾಗಿಲು ಆ ಎಂದು ತೆರೆದಿತ್ತು.

"ಮುಂಜಾನಿಂದ ಕಾಯಾಕತ್ತೇನ್ರಿ ಮಾಸ್ತರ್ರ," ಅಂದರು ಕಾಕು. "ಕಾರಿಗೆ ಊರಾನ ಕೀಲಿ ಎಲ್ಲಾ ಜಡದು, ಮನಿ ಬಾಗಲಾ ಹಾರು ಹೊಡದು ಹೋಗೀರಲ್ಲ! ಯಾರರೆ ಒಳಗ ಹೊಕ್ಕಿದ್ರ ಏನ್ ಮಾಡ್ತಿದ್ರಿ?"

ಒಳಗೆ ಹೋಗಿ ನೋಡಿದೆ. ಏನೂ ಹೋಗಿರಲಿಲ್ಲ. ಹೋಗುವಂಥದ್ದು ಏನೂ ಇರಲೂ ಇಲ್ಲ. ಕಳ್ಳನೇನಾದರೂ ಬಂದಿದ್ದರೆ ಪಾಪ, ಬರಿಗೈಲೇ ಹೋಗಬೇಕಾಗಿತ್ತು. ನಾನು ಮನೆಯಲ್ಲಿದ್ದಿದ್ದರೆ ಮಾತ್ರ, ಚಹಾ ಕುಡಿಸದೆ ಅವನನ್ನು ಬಿಡುತ್ತಿರಲಿಲ್ಲ.