ಅನಾನಸು ಕೋಳಿಯ ಒಡೆಯ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಲಿಫ್ಟಿನಲ್ಲಿ ಶೇಖರನ ಬಾಯಿಯಿಂದ ಉದುರಿದ ಒಂದೇ ಒಂದು ವಾಕ್ಯ.

ಮಲಾಡಿನ 'ಓಂ ಸಂಗಮ' ಬಿಲ್ಡಿಂಗಿನ ಲಿಫ್ಟು ನಾಲ್ಕು ಜನರದ್ದು. ಅಂದು ಅದರಲ್ಲಿ ಆರು ಜನರಿದ್ದರು. ಕೆಳಗಿನ ಮನೆಯ ಮೋನಪ್ಪ ಕೇಳಿದ: "ಶೇಖರಣ್ಣ, ಈ ಸಲವೂ ಗಟಾರಿಗೆ ನಿಮ್ಮ ಅನಾನಸು ಚಿಕನ್ ಉಂಟಲ್ಲ? ಸೇವಂತಿಯಕ್ಕ ಸ್ವಲ್ಪ ಕೈ ಸೇರಿಸ್ತಾರಾ ಹೇಗೆ?"

"ಅವಳಾ?" ಶೇಖರ ಗಹಗಹಿಸಿದ. "ಅನ್ನಕ್ಕೆ ನೀರು ಎಷ್ಟಿಡ್ಬೇಕು ಅಂತ ಅವಳಿಗೆ ನಾನು ಹೇಳಿಕೊಡ್ಬೇಕು ಮಾರಾಯ!"

ಎಲ್ಲರೂ ನಕ್ಕರು. ಐದು ಜನ ಮಾತ್ರ. ಹಿಂದಿನ ಮೂಲೆಯಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಆರನೆಯವಳು ಸೇವಂತಿ, ಶೇಖರನ ಹೆಂಡತಿ. ನಾಲ್ಕನೇ ಮಹಡಿಯಲ್ಲಿ ಇಳಿದವಳು ತರಕಾರಿ ಚೀಲ ಇಟ್ಟು, ಬಟ್ಟೆ ಚೀಲ ತುಂಬಿ, ಅದೇ ಲಿಫ್ಟಿನಲ್ಲಿ ಕೆಳಗಿಳಿದು ವಿಲೆ ಪಾರ್ಲೆಯ ಅಕ್ಕನ ಮನೆ ಸೇರಿದಳು.

ಶ್ರಾವಣ ಹಿಡಿದರೆ ತಿಂಗಳಿಡೀ ಮೀನು ಮಾಂಸ ಬಂದ್. ಅದರ ಮುಂಚಿನ ಭಾನುವಾರ ಮುಂಬಯಿಯಲ್ಲಿ ಗಟಾರಿ, ಅಂದರೆ ಒಂದು ತಿಂಗಳ ಆಸೆಯನ್ನು ಒಂದೇ ಹೊಟ್ಟೆಗೆ ತುರುಕುವ ದಿನ. ಓಂ ಸಂಗಮದವರು ಆ ದಿನ ಟೆರೇಸಿನಲ್ಲಿ ಸೇರುತ್ತಾರೆ. ಒಂಬತ್ತು ವರ್ಷಗಳಿಂದ ಅಲ್ಲಿ ಶೇಖರನದ್ದೇ ಕಾರುಬಾರು. ತಲೆಗೆ ಬಿಳಿ ಟೊಪ್ಪಿ, ಸೊಂಟಕ್ಕೆ ಏಪ್ರನ್, ಕೈಯಲ್ಲಿ ಇಕ್ಕಳ. ಬೆಂಕಿಯ ಮೇಲೆ ಕೋಳಿ ತುಂಡು ಮಗುಚುವ ಠೀವಿ ನೋಡಿದರೆ ಆಪರೇಷನ್ ಮಾಡುವ ಡಾಕ್ಟರೂ ನಾಚಬೇಕು. ಬೊರಿವಲಿಯ ಸಸ್ಯಾಹಾರಿ ಹೋಟೆಲಿನಲ್ಲಿ ಇಪ್ಪತ್ತಮೂರು ವರ್ಷ ಸೂಪರ್‌ವೈಸರ್ ಆದವನಿಗೆ ಅಡುಗೆ ಬಾರದೆ ಇರುತ್ತದೆಯೇ ಎಂದು ಎಲ್ಲರೂ ನಂಬಿದ್ದರು. ಅವನು ಆ ಹೋಟೆಲಿನ ಅಡುಗೆಮನೆಯ ಒಳಗೆ ಹೋದದ್ದು ಎರಡೇ ಸಲ, ಎರಡೂ ಸಲ ಗ್ಯಾಸ್ ಲೀಕಾದಾಗ.

ಕೋಳಿಯ ಮಸಾಲೆ ಪೂರ್ತಿ ಸೇವಂತಿಯದ್ದು. ಅನಾನಸು, ಬೆಲ್ಲ, ಬ್ಯಾಡಗಿ ಮೆಣಸು, ಶುಂಠಿ, ಬೆಳ್ಳುಳ್ಳಿ, ಲಿಂಬೆ; ಸಿಹಿಯ ಬೆನ್ನಿಗೇ ಖಾರ, ಖಾರದ ಬೆನ್ನಿಗೇ ಹುಳಿ. ಇಂಗ್ಲಿಷಿನವರು ಇದಕ್ಕೆ ಮ್ಯಾರಿನೇಡ್ ಎನ್ನುತ್ತಾರಂತೆ. ಮ್ಯಾರೇಜ್ ಆಗಿ ಇಪ್ಪತ್ತಾರು ವರ್ಷವಾದರೂ ಶೇಖರನಿಗೆ ಮ್ಯಾರಿನೇಡ್ ಅರ್ಥವಾಗಿರಲಿಲ್ಲ. ಅದು ಕೆಂಪಗಿರುತ್ತದೆ, ಸ್ಟೀಲ್ ಡಬ್ಬಿಯಲ್ಲಿ ಟೆರೇಸಿಗೆ ಬರುತ್ತದೆ, ಇಷ್ಟೇ ಅವನಿಗೆ ಗೊತ್ತಿದ್ದದ್ದು.

ಐದು ದಿನ ಬ್ರೆಡ್ಡು, ಬನ್ನು, ಬೇಸರ ತಿಂದ ಮೇಲೆ ಶೇಖರ ಫೋನ್ ಮಾಡಿದ. "ತಪ್ಪಾಯ್ತು ಮಾರಾಯ್ತಿ. ಬಾ."

"ತಪ್ಪಾಯ್ತು ಅಂತ ನನ್ನ ಕಿವಿಯಲ್ಲಿ ಹೇಳಿದ್ರೆ ಸಾಕಾ? ಅಂದದ್ದು ಎಲ್ಲರೆದುರು ಅಲ್ವಾ?" ಸೇವಂತಿಯ ದನಿ ಫ್ರಿಜ್ಜಿನಿಂದ ತೆಗೆದ ಹಾಗಿತ್ತು. "ಭಾನುವಾರ ಟೆರೇಸಿನಲ್ಲಿ ಎಲ್ಲರೂ ಕೂತಾಗ ಒಂದು ಮಾತು ಹೇಳಿ: 'ಈ ಕೋಳಿ ನನ್ನದಲ್ಲ, ಸೇವಂತಿಯದ್ದು.' ಅಷ್ಟೇ. ಸೆಕ್ರೆಟರಿ ಮನೆಯ ಚಂದ್ರವ್ವಕ್ಕ ನನಗೆ ಫೋನ್ ಮಾಡ್ತಾರೆ. ಮುಂದಿನ ಲೋಕಲಿಗೆ ನಾನು ಮನೆಯಲ್ಲಿ."

"ಹೇಳ್ತೇನೆ. ಆದ್ರೆ ಮಸಾಲೆ?"

"ಈ ಸಲ ಕೋಳಿ ಇಲ್ಲ ಅಂತಲೂ ಹೇಳಿ. ಹಪ್ಪಳ ಸುಡಿ."

ಅಷ್ಟು ಮಾಡಿದ್ದರೆ ಈ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಶೇಖರನ ತಲೆಯಲ್ಲಿ ಬೇರೆಯೇ ಲೆಕ್ಕಾಚಾರ ಎದ್ದಿತು. ಹಪ್ಪಳದ ಎದುರು ನಿಂತು ತಪ್ಪೊಪ್ಪಿಕೊಂಡರೆ ತಾನೂ ಹಪ್ಪಳದಷ್ಟೇ ತೆಳ್ಳಗೆ ಕಾಣುತ್ತೇನೆ. ಮೊದಲು ಕೋಳಿ ಆಗಲಿ, ಜನ ಬೆರಳು ನೆಕ್ಕಲಿ, ಕೊನೆಯದಾಗಿ ಒಂದು ಸಲ ಚಪ್ಪಾಳೆ ಬೀಳಲಿ. ಆಮೇಲೆ ಎದ್ದು ನಿಂತು ಸತ್ಯ ಹೇಳಿದರೆ ಎಷ್ಟು ಗಂಭೀರ!

ಶನಿವಾರ ಸಂಜೆ ನಾಲ್ಕು ಕಿಲೋ ಕೋಳಿ, ಮೂರು ಅನಾನಸು ತಂದ. ಹಣ್ಣನ್ನು ಅರೆದು, ಕಂಡ ಮಸಾಲೆಯನ್ನೆಲ್ಲ ಸುರಿದು, ತುಂಡುಗಳನ್ನು ಅದರಲ್ಲಿ ಮುಳುಗಿಸಿದ. ಸೇವಂತಿ ಹಚ್ಚುತ್ತಿದ್ದದ್ದು ಭಾನುವಾರ ಹನ್ನೊಂದು ಗಂಟೆಗೆ ಎಂಬುದು ಮಾತ್ರ ನೆನಪಿತ್ತು. ಒಂದೆರಡು ಗಂಟೆಗೆ ಅಷ್ಟು ರುಚಿ ಬರುವುದಾದರೆ ರಾತ್ರಿಯಿಡೀ ಬಿಟ್ಟರೆ ಏನಾದೀತು! ಡಬ್ಬಿಯ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು, ಹೆಂಡತಿಯನ್ನೇ ಗೆದ್ದವನಂತೆ ಮಲಗಿದ.

ಭಾನುವಾರ ಮಳೆ. ಟೆರೇಸಿಗೆ ನೀಲಿ ಟಾರ್ಪಾಲು ಕಟ್ಟಿದ್ದರು. ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಇದ್ದಿಲು, ಅದರ ಮೇಲೆ ಎರಡನೇ ಮಹಡಿಯ ಹಳೇ ಕಿಟಕಿಯ ಗ್ರಿಲ್ಲು. ಕಳ್ಳರನ್ನು ತಡೆಯುತ್ತಿದ್ದ ಸರಳು ಈಗ ಕೋಳಿಯನ್ನು ತಡೆಯಬೇಕು. ಇದ್ದಿಲು ಒದ್ದೆಯಾಗಿ ಬೆಂಕಿ ಹಿಡಿಯದೆ ಬರೀ ಹೊಗೆ ಬಿಟ್ಟಿತು.

"ಏನ್ರೀ ಶೇಖರ್, ಹೊಗಿ ಭಾಳ ಬರಾಕತ್ತೈತಲ್ರಿ," ಎಂದರು ಸೊಸೈಟಿಯ ಸೆಕ್ರೆಟರಿ ಅಣವೀರಪ್ಪ. ವಿಜಯಪುರದವರು, ಶುದ್ಧ ಶಾಕಾಹಾರಿ. ಪ್ರತಿವರ್ಷವೂ ಗಾಳಿಯ ಎದುರು ದಿಕ್ಕಿಗೆ ಕುರ್ಚಿ ಹಾಕಿಕೊಂಡು, ಹಪ್ಪಳ ಮುರಿಯುತ್ತ ಅಪ್ಪಣೆ ಕೊಡುತ್ತಾರೆ. "ನಾ ಮುಟ್ಟಂಗಿಲ್ಲ, ಆ ಮಾತು ಬ್ಯಾರೆ. ಆದ್ರ ಮೇಲ್ವಿಚಾರಣಿ ಅಂತ ಒಬ್ಬರು ಬೇಕಲ್ರಿ? ಎಡಕ್ಕ ಬೀಸ್ರಿ, ಎಡಕ್ಕ!"

"ಎಡಕ್ಕೆ ಬೀಸಿದ್ರೆ ಹೊಗೆ ನನ್ನ ಮುಖಕ್ಕೆ ಬರ್ತದೆ," ಎಂದ ಮೋನಪ್ಪ.

"ಅದಕ್ಕs ಹೇಳಿದ್ದು. ನನ್ನ ಕಡೆ ಬರಬಾರದು."

ಅಣವೀರಪ್ಪನವರ ಹೆಂಡತಿ ಚಂದ್ರವ್ವ ಆ ಕಡೆ ತಮ್ಮ ಚಪಾತಿ ಡಬ್ಬಿಯೊಂದಿಗೆ ಕೂತಿದ್ದರು. ಮಡಿಲಲ್ಲಿ ಫೋನು, ಕಣ್ಣು ಶೇಖರನ ಬಾಯಿಯ ಮೇಲೆ. ಸೇವಂತಿ ಒಪ್ಪಿಸಿದ ಕೆಲಸ ಅವರಿಗೆ ನೆನಪಿತ್ತು.

ಅಂತೂ ಬೆಂಕಿ ಹಿಡಿಯಿತು. ಅಣವೀರಪ್ಪ ಎದ್ದು ನಿಂತು ಕೈ ಎತ್ತಿದರು. "ಎಲ್ಲಾರೂ ಸ್ವಲ್ಪ ಸುಮ್ಮಕಿರ್ರಿ. ಚಾಲೂ ಮಾಡೂಕಿಂತ ಮೊದಲ ನಮ್ಮ ಶೇಖರ್ ನಾಕು ಮಾತು ಆಡ್ತಾರ."

ಮೂವತ್ತು ಮುಖಗಳು ಅವನತ್ತ ತಿರುಗಿದವು. ಚಂದ್ರವ್ವ ಫೋನ್ ಕೈಗೆತ್ತಿಕೊಂಡರು. ವಾಕ್ಯ ಶೇಖರನ ನಾಲಗೆಯ ತುದಿಯಲ್ಲೇ ಇತ್ತು. ಏಳೆಂಟು ಸೆಕೆಂಡಿನ ಕೆಲಸ. ಅವನು ಬಾಯಿ ತೆರೆದ.

"ಚಿಕನ್ ಸ್ಪೆಷಲಿಸ್ಟ್ ಕೋ ಬೋಲ್ನೇ ದೋ!" ಎಂದು ಮೂರನೇ ಮಹಡಿಯ ಸ್ನೇಹಲ್ ಕೂಗಿದಳು. ಎಲ್ಲರೂ ಸಿಳ್ಳೆ ಹೊಡೆದರು.

ನಾಲಗೆಯ ತುದಿಯ ವಾಕ್ಯ ತಿರುಗಿ ಗಂಟಲಿಗೆ ಇಳಿಯಿತು. "ಒಂದು ವಿಷಯ ಹೇಳ್ಲಿಕ್ಕುಂಟು," ಎಂದ ಶೇಖರ ಟೊಪ್ಪಿ ಸರಿಮಾಡಿಕೊಳ್ಳುತ್ತ. "ಊಟ ಆದ ಮೇಲೆ ಹೇಳ್ತೇನೆ." ಚಂದ್ರವ್ವ ಫೋನನ್ನು ಮತ್ತೆ ಮಡಿಲಿಗೆ ಹಾಕಿಕೊಂಡರು.

ಡಬ್ಬಿಯ ಮುಚ್ಚಳ ತೆಗೆದಾಗ ಅವನಿಗೆ ಮೊದಲ ಅನುಮಾನ ಬಂತು. ನಿನ್ನೆ ತುಂಡುಗಳಾಗಿ ಒಳಗೆ ಹೋದ ಕೋಳಿ ಇವತ್ತು ಒಟ್ಟು ಕುಟುಂಬದಂತೆ ಒಂದೇ ಮುದ್ದೆಯಾಗಿತ್ತು. ಕಾಲು ಹಿಡಿದು ಎತ್ತಿದರೆ ಮೂಳೆ ಮಾತ್ರ ಮೇಲೆ ಬಂತು. ಮಾಂಸ ಅಲ್ಲೇ ಕೂತಿತ್ತು. 'ಚೆನ್ನಾಗಿ ನೆಂದಿದೆ' ಎಂದು ತನಗೆ ತಾನೇ ಹೇಳಿಕೊಂಡು, ಸೌಟಿನಲ್ಲಿ ಮೊಗೆದು ಗ್ರಿಲ್ಲಿನ ಮೇಲೆ ಹಾಕಿದ.

ಕಿಟಕಿಯ ಸರಳಿಗೂ ಸರಳಿಗೂ ನಡುವೆ ಎರಡು ಬೆರಳು ಜಾಗ. ವಿರಾರ್ ಲೋಕಲ್ಲಿನಿಂದ ಅಂಧೇರಿಯಲ್ಲಿ ಇಳಿಯುವವರ ಹಾಗೆ ಕೋಳಿ ಒಂದರ ಹಿಂದೊಂದು ನುಗ್ಗಿ ಕೆಳಗಿಳಿಯಿತು. ಚುಸ್ಸೆಂದು ಬೂದಿ ಎದ್ದಿತು. ಶೇಖರ ಇಕ್ಕಳ ಹಾಕಿದ, ಚಮಚ ಹಾಕಿದ, ಕೊನೆಗೆ ಹಪ್ಪಳದ ಜಾಲರಿಯನ್ನೇ ಅಡ್ಡ ಹಿಡಿದ. ಉಳಿದದ್ದನ್ನು ತವಾಕ್ಕೆ ಸುರಿದು ಕೆರೆದು ಕೆರೆದು ತಟ್ಟೆಗೆ ಹಾಕಿದಾಗ ಅದು ಕಂದು ಬಣ್ಣದ ಗಂಜಿಯಾಗಿತ್ತು.

"ಅಂಕಲ್, ಯೇ ಗ್ರೇವಿ ಹೈ ಕ್ಯಾ?" ಸ್ನೇಹಲ್ ತಟ್ಟೆಯನ್ನು ಆಚೀಚೆ ಓಲಾಡಿಸಿದಳು. "ಚಿಕನ್ ಕಬ್ ಆಯೇಗಾ?"

ಮೋನಪ್ಪ ಒಂದು ಬೆರಳು ಅದ್ದಿ ನಾಲಗೆಗೆ ಇಟ್ಟ. ಬಹಳ ಹೊತ್ತು ಯೋಚಿಸಿದ. "ಶೇಖರಣ್ಣ, ಬೇಜಾರು ಮಾಡ್ಬೇಡಿ. ಇದನ್ನ ಕಚ್ಚುವುದಾ, ಕುಡಿಯುವುದಾ?" ಆಮೇಲೆ ಎದೆ ಉಬ್ಬಿಸಿ, ಶೇಖರನ ದನಿಯನ್ನೇ ಮೂಗಿನಿಂದ ಹೊರಡಿಸಿ, "ಟೇಬಲ್ ನಂಬರ್ ಸಾತ್, ಕೋಳಿ ಜ್ಯೂಸ್ ಏಕ್!" ಎಂದು ಕೂಗಿದ. ಟೆರೇಸು ನಕ್ಕ ರಭಸಕ್ಕೆ ಟಾರ್ಪಾಲಿನ ನೀರು ಕೆಳಗೆ ಸುರಿಯಿತು.

ಶೇಖರನ ಕಿವಿ ಕೆಂಡಕ್ಕಿಂತ ಕೆಂಪಾಯಿತು. ಈ ನಗೆ ನಿಲ್ಲಬೇಕು, ಸೇವಂತಿ ಬರಬೇಕು. ಎರಡಕ್ಕೂ ಇದ್ದದ್ದು ಒಂದೇ ವಾಕ್ಯ. ಇವತ್ತಿನ ಹಾಳು ತನ್ನದು ಎಂದು ಮೊದಲು ಹೇಳಬೇಕಿತ್ತು, ಅದು ಗೊತ್ತಿತ್ತು. ಆದರೆ ಬಾಯಿಪಾಠ ಮಾಡಿಟ್ಟದ್ದೇ ಮೊದಲು ಹೊರಬಿತ್ತು. ಸತ್ಯ ಹೇಳಲೆಂದು ಹೇಳಿದನೋ, ತಪ್ಪಿಸಿಕೊಳ್ಳಲೆಂದು ಹೇಳಿದನೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೇ ತಿಳಿಯಲಿಲ್ಲ.

"ಈ ಕೋಳಿ ನನ್ನದಲ್ಲ! ಸೇವಂತಿಯದ್ದು!"

"ವಾರೆವ್ಹಾ!" ಎಂದರು ಅಣವೀರಪ್ಪ, ಹಪ್ಪಳ ಕೆಳಗಿಟ್ಟು. "ಒಂಬತ್ತು ವರ್ಷ ಚೊಲೊ ಆದಾಗ ನಿಮ್ಮದು. ಇವತ್ತ ಕೆಟ್ಟ ಕೂಡ್ಲೆ ಮನೀಯವ್ರದು? ಪಾಪ, ಆ ಹೆಣ್ಮಗಳು ಮನ್ಯಾಗೂ ಇಲ್ಲ!"

"ಅಲ್ಲ ಮಾರ್ರೆ, ಒಂಬತ್ತು ವರ್ಷವೂ ಅವಳದ್ದೇ. ಇವತ್ತಿನದು ಮಾತ್ರ..."

"ಇವತ್ತಿನದು ಮಾತ್ರ ಅವರದ್ದು, ಅಲ್ವಾ? ಗೊತ್ತಾಯ್ತು," ಎಂದ ಮೋನಪ್ಪ. "ಛೆ, ಶೇಖರಣ್ಣ."

ಅಷ್ಟರಲ್ಲಿ ಚಂದ್ರವ್ವ ವಿಡಿಯೋ ಕಾಲ್ ಹಚ್ಚಿ ಆಗಿತ್ತು. "ಸೇವಂತಕ್ಕಾ, ಹೇಳಿದ್ರು ನೋಡ್ರಿ! ಎಲ್ಲಾರ ಮುಂದ ಹೇಳಿದ್ರು. ಈ ಕೋಳಿ ನಿಮ್ಮದಂತ!"

ಫೋನಿನ ಚೌಕದಲ್ಲಿ ಸೇವಂತಿಯ ಮುಖ ಅರಳಿತು. ಇಷ್ಟು ದಿನದ ಸಿಟ್ಟು ಒಂದೇ ಗಳಿಗೆಯಲ್ಲಿ ಇಳಿಯಿತು. "ಹೌದಾ? ಎಲ್ಲರೆದುರಾ? ನಾನೀಗಲೇ ಹೊರಡ್ತೇನೆ. ಚೀಲ ಕಟ್ಟಿಯೇ ಇಟ್ಟಿದ್ದೇನೆ."

ಶೇಖರನಿಗೆ ಉಸಿರು ಬಂತು. ಚಂದ್ರವ್ವ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅರ್ಧ ಕೆಲಸ ಮಾಡುವ ಹೆಂಗಸು ಅವರಲ್ಲ. "ನಿಮ್ಮ ಕೋಳಿ ಹೆಂಗಾಗೈತಿ ನೀವs ನೋಡ್ರಿ," ಎಂದು ಫೋನನ್ನು ತಟ್ಟೆಯ ಮೇಲೆ ಹಿಡಿದರು.

ಸೇವಂತಿ ನೋಡಿದಳು. ತಟ್ಟೆ ನೋಡಿದಳು, ಗ್ರಿಲ್ಲು ನೋಡಿದಳು, ಬೂದಿಯಲ್ಲಿ ಬಿದ್ದ ಮೂಳೆ ನೋಡಿದಳು. ಅರಳಿದ ಮುಖ ನಿಧಾನವಾಗಿ ಮುಚ್ಚಿಕೊಂಡಿತು.

"ಚಂದ್ರವ್ವಕ್ಕ, ಸ್ಪೀಕರ್ ದೊಡ್ಡದು ಮಾಡಿ," ಎಂದಳು. ಆಮೇಲೆ ಟೆರೇಸಿಗೆಲ್ಲ ಕೇಳುವ ಹಾಗೆ: "ಅಣವೀರಪ್ಪನವರೇ, ಎಲ್ಲರೂ ಕೇಳಿ. ನಮ್ಮ ಯಜಮಾನರದ್ದು ದೊಡ್ಡ ಮನಸ್ಸು. ತನ್ನ ಹೆಸರನ್ನೂ ನನಗೆ ಕೊಡ್ಲಿಕ್ಕೆ ಹೊರಟಿದ್ದಾರೆ. ಆದ್ರೆ ಸುಳ್ಳು ಹೇಳ್ಬಾರದಲ್ಲ? ಆ ಕೋಳಿಗೂ ನನಗೂ ಯಾವ ಸಂಬಂಧವೂ ಇಲ್ಲ. ಒಂಬತ್ತು ವರ್ಷವೂ ಅವರದ್ದೇ, ಇವತ್ತಿನದೂ ಅವರದ್ದೇ."

"ಸ್ಪಷ್ಟ ಆತಲ್ರಿ," ಎಂದರು ಅಣವೀರಪ್ಪ.

ಶೇಖರ ಫೋನ್ ಕಸಿದುಕೊಂಡು, ಸ್ಪೀಕರ್ ಆರಿಸಿ, ನೀರಿನ ಟ್ಯಾಂಕಿನ ಹಿಂದಕ್ಕೆ ಓಡಿದ.

"ಸೇವಂತಿ, ನೀನು ಹೇಳಿದ್ದನ್ನೇ ಹೇಳಿದೆನಲ್ಲ? ಒಂದು ಅಕ್ಷರ ತಪ್ಪದೆ?"

"ಕೇಳಿಸ್ತು."

"ಮತ್ತೆ ಎಂತಕ್ಕೆ ಹಾಗಂದೆ?"

"ಒಂಬತ್ತು ವರ್ಷ ನನ್ನ ಹೆಸರಿಲ್ಲದೆ ನಡೀತು. ಮೊದಲ ಸಲ ಹೆಸರು ಬರುವಾಗ ಆ ಗಂಜಿಗೆ ಬರುವುದು ಬೇಡ ಅಂತ ಕಂಡಿತು."

ಟೊಪ್ಪಿಯಿಂದ ಮಳೆನೀರು ಮೂಗಿನ ಮೇಲೆ ಇಳಿಯಿತು. "ಬರ್ತೀಯಲ್ಲ?"

"ಶ್ರಾವಣ ಮುಗೀಲಿ, ನೋಡುವ." ಅವಳ ದನಿ ತಗ್ಗಿತು. "ಒಂದು ಕೇಳ್ತೇನೆ. ಅನಾನಸು ಹಸಿದೇ ಹಾಕಿದ್ರಾ?"

"ಹೌದು. ಮತ್ತೆ? ಅದನ್ನ ಬೇಯಿಸ್ಲಿಕ್ಕೆ ಉಂಟಾ?"

"ಹಸಿ ಅನಾನಸು ಮಾಂಸವನ್ನ ಕರಗಿಸ್ತದೆ. ನೀವು ತಿನ್ನುವ ಮೊದಲು ಅದೇ ತಿಂದಾಗಿದೆ. ಅದಕ್ಕೇ ನಾನು ಬೆಳಿಗ್ಗೆ ಐದಕ್ಕೆದ್ದು ಬೆಲ್ಲ ಹಾಕಿ ಕುದಿಸಿ, ಆರಿಸಿ, ಮತ್ತೆ ಹಚ್ಚುವುದು. ಇಡೀ ಮನೆ ಘಂ ಅಂತ ಇರ್ತಿತ್ತು. ಒಂದು ಸಲವೂ ನಿಮಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು. ಆ ಪರಿಮಳ ಶೇಖರನಿಗೆ ಚೆನ್ನಾಗಿ ನೆನಪಿತ್ತು. ಪ್ರತಿ ಗಟಾರಿಯ ಬೆಳಿಗ್ಗೆ ಹೊದಿಕೆಯ ಒಳಗೂ ಬರುತ್ತಿತ್ತು. ಪಕ್ಕದ ಮನೆಯಲ್ಲಿ ಯಾರೋ ಜಾಮ್ ಮಾಡುತ್ತಿದ್ದಾರೆ ಎಂದುಕೊಂಡು ಅವನು ಮಗ್ಗುಲು ಬದಲಿಸುತ್ತಿದ್ದ. ಇದನ್ನು ಅವಳಿಗೆ ಹೇಗೆ ಹೇಳುವುದೆಂದು ಅವನು ಯೋಚಿಸುತ್ತಿದ್ದಂತೆ ಆ ಕಡೆಯಿಂದ ಫೋನ್ ಕಟ್ಟಾಯಿತು.

ಟಾರ್ಪಾಲಿನ ಕೆಳಗೆ ಮೋನಪ್ಪ ಗಂಜಿಯನ್ನು ಪಾವ್ ಬ್ರೆಡ್ಡಿಗೆ ಸವರಿ, "ಹೀಗೆ ತಿಂದ್ರೆ ಅಡ್ಡಿಯಿಲ್ಲ" ಎಂದು ಎಲ್ಲರಿಗೂ ಹಂಚತೊಡಗಿದ್ದ. ಅಣವೀರಪ್ಪ ಗಂಟಲು ಸರಿಮಾಡಿಕೊಂಡು ಠರಾವು ಮಂಡಿಸಿದರು: "ಮುಂದಿನ ವರ್ಷಾನೂ ಅನಾನಸು ಕೋಳಿ ಜವಾಬ್ದಾರಿ ಶೇಖರ್ ಅವ್ರದs. ಅವರ ಮನೀಯವ್ರಿಗೆ ಇದರಾಗ ತ್ರಾಸು ಕೊಡಬಾರದು, ಅವರ ಹೆಸರೂ ತಗೀಬಾರದು. ಶೇಖರ್, ಒಪ್ಪಿಗಿ ಐತಲ್ರಿ? ಇದ್ರ ಕೈ ಎತ್ರಿ."

ಟ್ಯಾಂಕಿನ ಹಿಂದಿನಿಂದ ಶೇಖರ ಕೈ ಎತ್ತಿದ. ಕೈಯಲ್ಲಿ ಚಂದ್ರವ್ವನವರ ಫೋನಿತ್ತು. ಅದರ ಚೌಕದಲ್ಲಿ ಯಾರೂ ಇರಲಿಲ್ಲ.