ಅಳತೆ ಸಾಹೇಬರ ಒಂದು ಲೀಟರ್

ಬಾಯಾರಿಕೆಯನ್ನು ಯಾವ ಕಾಯಿದೆಯ ಅಡಿಯಲ್ಲೂ ಹಿಡಿದುಹಾಕಲು ಬರುವುದಿಲ್ಲ ಎಂಬ ಸತ್ಯ ಅಳತೆ ಸಾಹೇಬರಿಗೆ ತಿಳಿದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ, ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದು, ಹಿಂದಿನ ವರ್ಷವಷ್ಟೇ ನಿವೃತ್ತರಾದವರು ಅವರು. ಸಾಹೇಬರು ಬೀದಿಗಿಳಿದರೆ ಅಂಗಡಿಗಳ ತಕ್ಕಡಿಗಳು ತಮ್ಮಷ್ಟಕ್ಕೆ ತಾವೇ ನೆಟ್ಟಗಾಗುತ್ತಿದ್ದವು ಎಂದು ಜನ ಹೇಳುತ್ತಿದ್ದರಂತೆ. (ಹೀಗೆ ಹೇಳುತ್ತಿದ್ದವರು ಮುಖ್ಯವಾಗಿ ಸಾಹೇಬರೇ.)

"ನಿಮ್ಮ ಕಿಡ್ನಿ ನೂರಕ್ಕೆ ಹದಿನೈದು ಭಾಗ ಮಾತ್ರ ಕೆಲಸ ಮಾಡ್ತಿದೆ," ಎಂದರು ಡಾಕ್ಟರು.

"ಸರ್ಕಾರಿ ಕಚೇರಿ ಲೆಕ್ಕದಲ್ಲಿ ಅದು ಕಡಿಮೆಯೇನಲ್ಲ," ಎಂದರು ಸಾಹೇಬರು.

ಡಾಕ್ಟರು ನಗಲಿಲ್ಲ. ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ಠಿಕಾಣಿ ಹೂಡುತ್ತಿದೆ, ಹಾಗಾಗಿ ಇನ್ನು ಮೇಲೆ ಕಾಫಿ, ಹಾಲು, ನೀರು ಎಲ್ಲಾ ಸೇರಿ ದಿನಕ್ಕೆ ಒಂದೇ ಲೀಟರ್ ಎಂದರು. ಪೊಟ್ಯಾಸಿಯಂ ಏರಿದರೆ ಹೃದಯ ನಿಂತೇಬಿಡಬಹುದು, ಬಾಳೆಹಣ್ಣು, ಕಿತ್ತಳೆ ಮುಟ್ಟಬೇಡಿ ಎಂದರು. ಉಪ್ಪು ತಿಂದರೆ ಬಾಯಾರಿಕೆ ಹೆಚ್ಚುತ್ತದೆ, ಅದೂ ಬೇಡ. ರಕ್ತ ಹುಳಿಯಾಗುತ್ತಿದೆ, ಅದಕ್ಕೆ ದಿನಕ್ಕೆ ಮೂರು ಸೋಡಾ ಮಾತ್ರೆ.

"ಹುಳಿಯಾಗಿದ್ದು ನಂಗೆ ಯಾವತ್ತೋ ಗೊತ್ತಿತ್ತು ಡಾಕ್ಟ್ರೇ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ. "ಮಾತಲ್ಲೇ ಗೊತ್ತಾಗ್ತಿತ್ತು."

ಕೊನೆಗೆ ಡಾಕ್ಟರು ಒಂದು ಕರಾರು ಹಾಕಿದರು. "ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ. ತಿಂಗಳ ಕೊನೇಲಿ ಅರವತ್ನಾಲ್ಕು ಕೆಜಿ ಒಳಗಿದ್ರೆ ಇನ್ನೊಂದು ಕಾಲು ಲೀಟರ್ ಕೊಡ್ತೀನಿ. ಮೇಲೆ ಹೋದ್ರೆ ಅಡ್ಮಿಟ್ ಮಾಡಿ, ಸೂಜಿ ಚುಚ್ಚಿ ನೀರು ಇಳಿಸ್ಬೇಕಾಗುತ್ತೆ."

ಕಾಲು ಲೀಟರ್ ಎಂದರೆ ನಿಮಗೆ ನಮಗೆ ಏನೂ ಅಲ್ಲ. ಸಾಹೇಬರಿಗೆ ಅದು ಸಂಜೆಯ ಕಾಫಿ, ಮೇಲೆ ಮಲಗುವ ಮುಂಚೆ ಒಂದು ಲೋಟ ನೀರು. ಆ ಲೋಟವನ್ನು ನೆನೆಸಿಕೊಂಡರೇ ಅವರ ಕಣ್ಣು ಒದ್ದೆಯಾಗುತ್ತಿತ್ತು. (ಕಣ್ಣಿಗೆ ಆ ನೀರು ಎಲ್ಲಿಂದ ಬರುತ್ತಿತ್ತೋ.)

ಮನೆಯಲ್ಲಿ ಇಲಾಖೆಯ ಅಧಿಕಾರ ಹೆಂಡತಿಗೆ ಹಸ್ತಾಂತರವಾಯಿತು. ಬೆಳಗ್ಗೆ ಒಂದು ಲೀಟರ್ ಬಾಟಲಿ ತುಂಬಿಸಿ ಇಡುವಳು. ಸಾಹೇಬರು ಕಾಫಿ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಅಳೆದು ಕಿಟಕಿಯ ಕುಂಡಕ್ಕೆ ಸುರಿಯುವಳು. ಕುಂಡದ ಗಿಡ ಎಂಟೇ ದಿನದಲ್ಲಿ ಕೊಬ್ಬಿ ನಿಂತಿತು. ಸಾಹೇಬರು ಮೊದಲ ಬಾರಿಗೆ ಒಂದು ಗಿಡವನ್ನು ದ್ವೇಷಿಸತೊಡಗಿದರು.

"ಲೇ, ಇದು ನೂರೈವತ್ತು ಎಂಎಲ್ ಇಲ್ಲ. ಲೋಟ ಒಂದು ಬೆರಳು ಕಡಿಮೆ ಇದೆ."

"ಕಣ್ಣನ್ನ ಮಟ್ಟಕ್ಕೆ ತಂದು ನೋಡ್ಬೇಕು ಅಂತ ಹಾಲಿನವನಿಗೆ ಬೈದೋರು ಯಾರು? ಬಗ್ಗಿ ನೋಡಿ."

ಸಾಹೇಬರು ಬಗ್ಗಿ ನೋಡಿದರು. ನೂರೈವತ್ತು ಇತ್ತು.

ಹತ್ತನೆಯ ದಿನ ಮಧ್ಯಾಹ್ನ ಹೆಂಡತಿ ತಂಗಿಯ ಮನೆಗೆ ಹೋದಾಗ ಸಾಹೇಬರು ಫ್ರಿಜ್ಜಿನ ಬಾಗಿಲು ತೆರೆದು, ತಣ್ಣೀರಿನ ಬಾಟಲಿ ಎತ್ತಿ, ನಿಂತ ನಿಲುವಿನಲ್ಲೇ ಮುಗಿಸಿದರು. ಮರುದಿನ ಬಚ್ಚಲುಮನೆಯ ತೂಕದ ಯಂತ್ರದ ಮುಳ್ಳು ಅರವತ್ನಾಲ್ಕೂವರೆ ಮುಟ್ಟಿತು. ಹೆಂಡತಿ ಅದನ್ನು ತೂಕದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಳು.

"ಏನ್ರೀ ಇದು?"

"ಗಾಳಿ. ಹೊಟ್ಟೆ ಉಬ್ಬರ."

"ಗಾಳಿ ಅರ್ಧ ಕೆಜಿ ತೂಗುತ್ತಾ?"

ಮೂವತ್ತೊಂದು ವರ್ಷದಲ್ಲಿ ಯಾವ ಅಂಗಡಿಯವನೂ ಇಷ್ಟು ಕಳಪೆ ನೆವ ಹೇಳಿರಲಿಲ್ಲ ಎಂದು ಸಾಹೇಬರಿಗೇ ನಾಚಿಕೆಯಾಯಿತು. ನಾಚಿಕೆ ಮಧ್ಯಾಹ್ನದವರೆಗೆ ಇತ್ತು. ಮಧ್ಯಾಹ್ನ ಮತ್ತೆ ಬಾಯಾರಿತು.

ಬೇಲಿಯೇ ಎದ್ದು ಹೊಲ ಮೇಯುವುದು ಹೇಗೆ ಎಂದು ತಿಳಿಯಬೇಕಾದರೆ ಆ ಹೊತ್ತು ಬಚ್ಚಲುಮನೆಗೆ ಇಣುಕಬೇಕಿತ್ತು. ಸಾಹೇಬರು ಯಂತ್ರವನ್ನು ಮಗುಚಿ ಹಾಕಿ, ತಳದ ತಗಡು ಬಿಚ್ಚಿ, ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಸೊನ್ನೆಯನ್ನು ಅತ್ತಿತ್ತ ಸರಿಸುವುದು ಹೊಸಬರ ಕೆಲಸ. ಯಾರೂ ನಿಲ್ಲದೇ ಇರುವಾಗಲೇ ಮುಳ್ಳು ಗುಟ್ಟು ರಟ್ಟು ಮಾಡುತ್ತದೆ. ಪಳಗಿದ ಕೈ ಸೊನ್ನೆಯನ್ನು ಸೊನ್ನೆಯಲ್ಲೇ ಬಿಟ್ಟು ಸ್ಪ್ರಿಂಗನ್ನು ಬಿಗಿಮಾಡುತ್ತದೆ. ನೂರಕ್ಕೆ ಮೂರು ಕಡಿಮೆ. ಈ ಉಪಾಯಕ್ಕಾಗಿ ಸಾಹೇಬರು ಎಷ್ಟು ಗುಜರಿ ಅಂಗಡಿಗಳಿಗೆ ಬೀಗ ಜಡಿಸಿದ್ದರೋ ಲೆಕ್ಕವಿಲ್ಲ.

ಆಮೇಲೆ ಸುವರ್ಣಯುಗ. ಹೆಂಡತಿ ಕಣ್ಣು ತಪ್ಪಿದರೆ ನಲ್ಲಿ, ಫ್ರಿಜ್ಜು, ಒಮ್ಮೆ ಆ ಗಿಡಕ್ಕೆಂದು ಇಟ್ಟ ಚೊಂಬು ಕೂಡ. ಬೆಳಗ್ಗೆ ನಿಂತರೆ ಮುಳ್ಳು ಅರವತ್ನಾಲ್ಕರ ಒಳಗೇ ವಿನಯದಿಂದ ನಿಲ್ಲುತ್ತಿತ್ತು. ಬೂಟು ಬಿಗಿಯಾಗತೊಡಗಿದ್ದು ನಿಜ. ಬಿಸಿಲಿಗೆ ಚರ್ಮ ಕುಗ್ಗಿದೆ ಎಂದು ಸಾಹೇಬರು ಬೂಟಿನ ಮೇಲೆ ಆರೋಪ ಹೊರಿಸಿದರು.

"ಊರನ್ನೆಲ್ಲ ತಿದ್ದಿದ್ರಿ, ಈಗ ನಿಮ್ಮನ್ನ ನೀವೇ ತಿದ್ಕೊಂಡ್ರಿ," ಎಂದು ಒಂದು ಸಂಜೆ ಹೆಂಡತಿ ಮೆಚ್ಚಿ ಹೇಳಿದಳು. ಆ ಮಾತಿಗೆ ಸಾಹೇಬರಿಗೆ ಅಳುಕಾಯಿತು. ಸಮಾಧಾನಕ್ಕೆ ಒಳಗೆ ಹೋಗಿ ಒಂದು ಲೋಟ ನೀರು ಕುಡಿದರು.

ತಿಂಗಳ ಕೊನೆಗೆ ಆಸ್ಪತ್ರೆ. ಡಾಕ್ಟರು ಹೆಂಡತಿಯ ಪುಸ್ತಕ ನೋಡಿ ತಲೆದೂಗಿದರು. ಆಮೇಲೆ ಸಾಹೇಬರ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಒತ್ತಿದ ಜಾಗ ಗುಳಿಯಾಗಿ ಹಾಗೇ ಉಳಿಯಿತು. ಮೂವರೂ ಸ್ವಲ್ಪ ಹೊತ್ತು ಆ ಗುಳಿಯನ್ನೇ ನೋಡಿದರು.

"ಪುಸ್ತಕ ಒಂದು ಹೇಳ್ತಿದೆ, ಕಾಲು ಇನ್ನೊಂದು ಹೇಳ್ತಿದೆ. ರಕ್ತದಲ್ಲಿ ಸೋಡಿಯಂ ಬೇರೆ ಇಳಿದಿದೆ. ಹಾಲಿಗೆ ನೀರು ಬೆರೆಸಿದ್ರೆ ತೆಳ್ಳಗಾಗಲ್ವಾ, ಹಾಗೆ," ಎಂದ ಡಾಕ್ಟರು ನರ್ಸನ್ನು ಕರೆದರು. "ಇವರ ತೂಕ ನೋಡಮ್ಮ."

ಮೂಲೆಯ ಯಂತ್ರದಲ್ಲಿ ಅರವತ್ತಾರು ಬಂತು. ಪುಸ್ತಕದಲ್ಲಿ ಅರವತ್ನಾಲ್ಕು.

ಸಾಹೇಬರ ಒಳಗಿನ ಇನ್‌ಸ್ಪೆಕ್ಟರು ದಿಗ್ಗನೆ ಎದ್ದರು. "ಈ ಯಂತ್ರ ತಪ್ಪು ತೋರಿಸ್ತಿದೆ. ಪರಿಶೀಲನೆ ಮಾಡಿದವನು ಯಾರು? ಸರ್ಟಿಫಿಕೇಟ್ ಎಲ್ಲಿ? ತೋರಿಸಿ. ಇಲ್ದಿದ್ರೆ ಈಗಲೇ ಇಲಾಖೆಗೆ ಬರೀತೀನಿ."

ನರ್ಸು ಗೋಡೆಯಲ್ಲಿ ತೂಗುಹಾಕಿದ್ದ ಚೌಕಟ್ಟನ್ನು ಇಳಿಸಿ, ಧೂಳು ಒರೆಸಿ ಕೈಗಿತ್ತಳು. ಮುದ್ರೆ ಇತ್ತು. ತಾರೀಖು ಸಾಹೇಬರು ನಿವೃತ್ತರಾಗುವುದಕ್ಕೆ ಮೂರು ದಿನ ಮುಂಚಿನದು. ಕೆಳಗಿದ್ದ ಸಹಿ ಸಾಹೇಬರದು. ಹಿಡಿದ ಕಳ್ಳ ತಕ್ಕಡಿಗಳೆಲ್ಲ ಅವರಿಗೆ ನೆನಪಿದ್ದವು. ಪಾಸು ಮಾಡಿದ ಪ್ರಾಮಾಣಿಕ ಯಂತ್ರಗಳ ಮುಖ ಮಾತ್ರ ಮರೆತುಹೋಗಿತ್ತು.

ಯಂತ್ರ ತಪ್ಪು ಎಂದರೆ ಮೂವತ್ತೊಂದು ವರ್ಷದ ಸಹಿ ಸುಳ್ಳು. ಸರಿ ಎಂದರೆ ಇಪ್ಪತ್ತು ದಿನದ ನೀರು ನಿಜ. ಸಾಹೇಬರು ಬಹಳ ಹೊತ್ತು ತಮ್ಮ ಸಹಿಯನ್ನೇ ನೋಡಿದರು. ಒಳ್ಳೆಯ ಸಹಿ. ಸೇವೆಯಲ್ಲಿ ಒಮ್ಮೆಯೂ ಕಣ್ಣುಮುಚ್ಚಿ ಹಾಕಿದ್ದಲ್ಲ.

"ಯಂತ್ರ ಸರಿಯಾಗಿದೆ," ಎಂದರು ಮೆಲ್ಲಗೆ.

"ಮತ್ತೆ ಮನೇದು?" ಎಂದಳು ಹೆಂಡತಿ.

"ಮನೇದು ನೂರಕ್ಕೆ ಮೂರು ಕಡಿಮೆ ತೋರಿಸುತ್ತೆ. ಸ್ಪ್ರಿಂಗು."

"ಸ್ಪ್ರಿಂಗು ತಾನಾಗೇ ಹಾಳಾಯ್ತಾ?"

"ಇಲ್ಲ. ನಾನೇ."

ಹೆಂಡತಿ ಬೈಯಲಿಲ್ಲ. ಅವಳ ಕಣ್ಣು ತುಂಬಿ ಬಂತು. "ಒಂದು ಲೋಟ ನೀರಿಗೆ ಜೀವ ಕಳ್ಕೋತಿದ್ರಲ್ರೀ. ನನ್ನ ಹತ್ರ ಹೇಳಬಾರದಿತ್ತಾ?" ಎಂದು ಅವರ ಭುಜ ಸವರತೊಡಗಿದಳು. "ಹೋಗ್ಲಿ ಬಿಡಿ. ಬಾಯಾರಿಕೆ ಅಲ್ವಾ." ಇಂಥ ಹೆಂಡತಿಗೆ ಮೋಸ ಮಾಡಿದೆನಲ್ಲ ಎಂದು ಸಾಹೇಬರು ತಲೆ ತಗ್ಗಿಸಿದರು.

ಹೆಂಡತಿಯ ಕೈ ಭುಜದ ಮೇಲೆಯೇ ತಟ್ಟನೆ ನಿಂತಿತು.

"ನೂರಕ್ಕೆ ಮೂರು ಅಂದ್ರಾ?"

"ಹೂಂ."

"ಯಾರು ನಿಂತ್ರೂ?"

"ತಕ್ಕಡಿಗೆ ಗುರುತು ಪರಿಚಯ ಇಲ್ಲ ಕಣೇ," ಎಂದರು ಸಾಹೇಬರು, ಆ ಸ್ಥಿತಿಯಲ್ಲೂ ತುಸು ಹೆಮ್ಮೆಯಿಂದ.

ಹೆಂಡತಿ ಚಪ್ಪಲಿ ಬಿಟ್ಟು ಆಸ್ಪತ್ರೆಯ ಯಂತ್ರದ ಮೇಲೆ ನಿಂತಳು. ಮನೆಯಲ್ಲಿ ದಿನಾ ಗಂಡ ಇಳಿದ ಮೇಲೆ ಅವಳೂ ಗುಟ್ಟಾಗಿ ಹತ್ತಿ ನೋಡುತ್ತಿದ್ದಳು. ಎರಡು ಕೆಜಿ ಇಳಿದಿತ್ತು. ಬಟ್ಟೆ ಸಡಿಲವಾಗಿರಲಿಲ್ಲ, ಆದರೆ ಅವಳು ನಂಬಿದ್ದು ಯಂತ್ರವನ್ನು, ಬಟ್ಟೆಯನ್ನಲ್ಲ. ಸಂಜೆಯ ನಡಿಗೆ ನಿಲ್ಲಿಸಿಯಾಗಿತ್ತು, ತಂಗಿಗೆ ಫೋನಿನಲ್ಲಿ ಎರಡೆರಡು ಸಲ ಹೇಳಿಯೂ ಆಗಿತ್ತು.

ಅಂಕಿಯನ್ನು ನೋಡಿದಳು. ಇಳಿದಳು. ಚಪ್ಪಲಿ ಮೆಟ್ಟಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಸಾಹೇಬರ ಕಡೆ ತಿರುಗಲಿಲ್ಲ.

ಡಾಕ್ಟರು ಚೀಟಿ ಬರೆಯುತ್ತಿದ್ದರು. "ಎರಡು ದಿನ ಇಲ್ಲೇ ಅಡ್ಮಿಟ್ ಆಗ್ಲಿ, ನೀರು ತೆಗೀತೀವಿ. ಆಮೇಲೆ ದಿನಕ್ಕೆ ಎಂಟುನೂರು ಎಂಎಲ್. ಅದಕ್ಕಿಂತ ಕಡಿಮೆ ಮಾಡೋದು ಕಷ್ಟ, ಪಾಪ."

"ಏಳುನೂರು ಸಾಕು ಡಾಕ್ಟ್ರೇ," ಎಂದಳು ಹೆಂಡತಿ.