ಜೆರಾಕ್ಸಿಗೂ ತಾಳೆ ನೋಡುವವರು

ಜೆರಾಕ್ಸ್ ಮಿಷನ್ನೂ ತಪ್ಪು ಬರೆಯುತ್ತದೆ ಎಂದು ನಂಬಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ಭದ್ರಾವತಿಯ ಜನ್ನಾಪುರದಲ್ಲಿ, ನಮ್ಮ ಪಕ್ಕದ ಮನೆಯಲ್ಲಿದ್ದಾರೆ. ಅದೃಷ್ಟಕ್ಕೋ ದುರದೃಷ್ಟಕ್ಕೋ ನನ್ನ ದೊಡ್ಡಪ್ಪನೇ ಆಗಿದ್ದಾರೆ!

ಪಾಪ, ಅವರನ್ನೂ ದೂರುವ ಹಾಗಿಲ್ಲ. ಮೂವತ್ತೆರಡು ವರ್ಷ ದಿನಾ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ, ಒಂದು ಸರ್ಕಾರಿ ಕಚೇರಿಯ ನಕಲು ವಿಭಾಗದಲ್ಲಿ ಕೂತು ಬಂದವರು. ಹಳೆಯ ಕಾಗದಪತ್ರಗಳ ನಕಲು ಬೇಕೆಂದು ಜನ ಅರ್ಜಿ ಹಾಕುತ್ತಿದ್ದರು. ಒಬ್ಬರು ನಕಲು ಬರೆಯುವುದು. ಆಮೇಲೆ ಒಬ್ಬರು ಅಸಲನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನಕಲಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ತಾಳೆ ನೋಡುವುದು. ಕೊನೆಯಲ್ಲಿ ‘ತಾಳೆ ನೋಡಿದವರು’ ಎಂಬಲ್ಲಿ ದೊಡ್ಡಪ್ಪನ ರುಜು. ಆ ರುಜು ಬಿದ್ದ ಕಾಗದ ತಪ್ಪಿದೆ ಅಂತ ಒಂದೇ ಒಂದು ಸಲ ವಾಪಸ್ ಬಂದಿಲ್ಲವಂತೆ. ಇದನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ, ನಮ್ಮ ಬೀದಿಯ ತರಕಾರಿ ಗಾಡಿಯವನಿಗೂ ಗೊತ್ತು.

ಮನೆಯಲ್ಲೂ ಅದೇ ಕಾರುಬಾರು. ದೊಡ್ಡಮ್ಮ ದಿನಸಿ ಚೀಟಿಯನ್ನು ಗಟ್ಟಿಯಾಗಿ ಓದಬೇಕು, ಇವರು ಒಂದೊಂದೇ ಪೊಟ್ಟಣದ ಮೇಲೆ ಬೆರಳಿಡುತ್ತಾ “ಮುಂದೆ” ಎನ್ನಬೇಕು. “ಇವರ ಜೊತೆ ಸಂಸಾರ ಮಾಡೋದೂ ಒಂದೇ, ದಿನಾ ಪರೀಕ್ಷೆಗೆ ಕೂರೋದೂ ಒಂದೇ” ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿರುತ್ತಾರೆ.

ಇಂಥವರ ಕೈಗೆ ನನ್ನ ಎಂ.ಎಸ್ಸಿ. ಅರ್ಜಿ ಸಿಕ್ಕಿತು ನೋಡಿ! ಡಿಗ್ರಿ ಮುಗಿಸಿ ಮೂರು ವರ್ಷ ಇಲ್ಲೇ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿಕೊಂಡಿದ್ದೆ. ಮತ್ತೆ ಓದುವ ಆಸೆ ಮಾತ್ರ ಹೋಗಿರಲಿಲ್ಲ. ಡಿಗ್ರಿ ಬೇರೆ ವಿಶ್ವವಿದ್ಯಾಲಯದ್ದು, ಹಾಗಾಗಿ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಹೋದ ವರ್ಷ ಅದು ಕೈಗೆ ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿತ್ತು. ಈ ವರ್ಷವೂ ತಪ್ಪಿದರೆ ಇನ್ನು ಓದಿನ ಮಾತೆತ್ತಬೇಡ ಎಂದು ಅಮ್ಮ ಖಂಡಿತವಾಗಿ ಹೇಳಿದ್ದಳು. ನನ್ನ ಕಾಗದಪತ್ರಗಳಲ್ಲಿ ಎಲ್ಲಕ್ಕಿಂತ ಮೊದಲು ತಯಾರಾಗಿದ್ದು ಜಾತಕ. ಅದನ್ನು ಯಾವ ವಿಶ್ವವಿದ್ಯಾಲಯವೂ ಕೇಳಿರಲಿಲ್ಲ.

ಮೊದಲ ದಿನ ಬಸ್ ಸ್ಟಾಪಿನ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋದೆವು. ನಕಲುಗಳು ಬಿಸಿಬಿಸಿಯಾಗಿ ಹೊರಗೆ ಬಂದವು.

“ಓದು,” ಎಂದರು ದೊಡ್ಡಪ್ಪ.

“ಏನನ್ನ?”

“ಅಸಲನ್ನ. ನಾನು ನಕಲು ನೋಡ್ತೀನಿ.”

“ದೊಡ್ಡಪ್ಪ, ಇದು ಜೆರಾಕ್ಸು.”

“ಆಗಿರ್ಲಿ. ಮಿಷನ್ನಿಗೆ ಸಸ್ಪೆಂಡ್ ಆಗೋ ಭಯ ಇರುತ್ತಾ? ಭಯ ಇಲ್ದೋರ ಕೆಲಸ ನಂಬಬಾರ್ದು. ಓದು.”

ಓದಿದೆ. ಹಿಂದೆ ಎಂಟು ಜನರ ಸಾಲು. ಆ ಸಾಲಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಾಯಿ. “ಭೌತಶಾಸ್ತ್ರ, ಮೂವತ್ತೊಂಬತ್ತು” ಎಂದು ಗಂಟಲಲ್ಲೇ ಗೊಣಗಿದೆ. “ಕೇಳಿಸ್ಲಿಲ್ಲ, ಜೋರಾಗಿ” ಎಂದರು. ಎರಡನೇ ಸಲ ಬಸ್ಸಿನಲ್ಲಿ ಕೂತವರಿಗೂ ಕೇಳಿಸಿತು. ಆ ತಾಯಿ ನನ್ನನ್ನು ನೋಡಿದ ನೋಟವನ್ನು ಏನೆಂದು ಹೇಳಲಿ?

ಅಂಗಡಿಯವನಿಗೆ ತಾಳ್ಮೆ ಕೆಟ್ಟಿತು. “ಸಾರ್, ಈ ಮಿಷನ್ನಿಗೆ ಕನ್ನಡಾನೇ ಬರಲ್ಲ. ಅದೆಲ್ಲಿಂದ ತಪ್ಪು ಬರಿಯುತ್ತೆ ಸಾರ್?”

ಏಳನೇ ಹಾಳೆಗೆ ಬಂದಾಗ ದೊಡ್ಡಪ್ಪನ ಬೆರಳು ನಿಂತಿತು. ಹಾಳೆ ಓರೆಯಾಗಿ ಕೂತು ಪ್ರಿನ್ಸಿಪಾಲರ ಅರ್ಧ ರುಜು ಕತ್ತರಿಸಿಹೋಗಿತ್ತು! ದೊಡ್ಡಪ್ಪ ಆ ಹಾಳೆಯನ್ನು ಕೌಂಟರಿನ ಮೇಲಿಟ್ಟು, ಕನ್ನಡಕ ತೆಗೆದು, ಸಾಲಿನವರ ಕಡೆ ತಿರುಗಿ ನಿಂತರು ಅಷ್ಟೇ. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಚೀಲದಲ್ಲಿದ್ದ ಹಳೆಯ ನಕಲುಗಳನ್ನು ಹೊರಗೆ ತೆಗೆದು ನೋಡಿಕೊಳ್ಳತೊಡಗಿದರು.

ಫೋಟೋದ ಕಥೆ ಇದಕ್ಕಿಂತ ಒಂದು ಕೈ ಮೇಲು. ಸ್ಟುಡಿಯೋದವನು ಕೊಟ್ಟ ಫೋಟೋ ನೋಡಿ ನಾನು ಹಿಗ್ಗಿದ್ದೆ, ಯಾಕೆಂದರೆ ಅದು ನನಗಿಂತ ಚೆನ್ನಾಗಿತ್ತು. ದೊಡ್ಡಪ್ಪ ನನ್ನ ಹಳೆಯ ಟಿ.ಸಿ. ತೆಗೆದು ಓದಿದರು: “ಗುರುತಿನ ಚಿಹ್ನೆ, ಎಡಗೆನ್ನೆಯ ಮೇಲೆ ಮಚ್ಚೆ.” ಫೋಟೋದಲ್ಲಿ ಮಚ್ಚೆ ಇಲ್ಲ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟಿದ್ದ. ಮತ್ತೆ ಸ್ಟುಡಿಯೋಕ್ಕೆ ಮೆರವಣಿಗೆ.

“ಮಚ್ಚೆ ತೆಗೆದ್ರೆ ಲಕ್ಷಣವಾಗಿ ಕಾಣ್ತಾರೆ ಅಂತ ತೆಗೆದೆ ಸಾರ್. ಬೇಕಾದ್ರೆ ಪೆನ್ನಲ್ಲಿ ಇಟ್ಕೊಡ್ಲಾ?”

“ಲಕ್ಷಣ ಯಾರಿಗ್ರೀ ಬೇಕು? ಇವಳೇ ಇವಳು ಅಂತ ಗೊತ್ತಾಗ್ಬೇಕು, ಅಷ್ಟೇ.”

ಕೊನೆಗೆ ಮಚ್ಚೆಯ ಸಮೇತ ಅರ್ಜಿ ಹೋಯಿತು. ಗೆದ್ದೆವು ಅಂದುಕೊಂಡೆ. ಕೊನೆಯ ದಿನಕ್ಕೆ ಒಂದು ದಿನ ಇರುವಾಗ ವಿಶ್ವವಿದ್ಯಾಲಯದಿಂದ ಫೋನು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹುಟ್ಟಿದ ದಿನ ಜೂನ್ ಒಂದು. ಆಧಾರಿನಲ್ಲಿ, ಜನನ ಪತ್ರದಲ್ಲಿ ಮುಂದಿನ ವರ್ಷದ ಜನವರಿ ಹದಿನೆಂಟು.

“ಎರಡು ಸಲ ಹುಟ್ಟಿದೀರಾ ಮೇಡಂ?” ಎಂದರು ಗುಮಾಸ್ತರು. ನಾಳೆ ಸಂಜೆಯೊಳಗೆ ಅಫಿಡವಿಟ್ ಬೇಕು, ಶಾಲೆಗೆ ಸೇರಿಸಿದವರ ರುಜುವೂ ಇರಬೇಕು, ಇಲ್ಲದಿದ್ದರೆ ಅರ್ಜಿ ತಿರಸ್ಕಾರ ಎಂದು ಹೇಳಿ ಫೋನಿಟ್ಟುಬಿಟ್ಟರು.

ಜೂನ್ ಒಂದರ ವಿಷಯ ನಿಮಗೂ ಗೊತ್ತಲ್ಲ? ನಮ್ಮ ಕ್ಲಾಸಿನ ಅರ್ಧ ಮಕ್ಕಳು ಅವತ್ತೇ ಹುಟ್ಟಿದವರು. ವಯಸ್ಸು ಸಾಲದವರಿಗೆಲ್ಲ ಮೇಷ್ಟ್ರೇ ಅವತ್ತು ಹೆರಿಗೆ ಮಾಡಿಸಿಬಿಡುತ್ತಿದ್ದರು! ನನ್ನದೂ ಅವರದೇ ಕೆಲಸ ಅಂದುಕೊಂಡಿದ್ದೆ. ನನ್ನನ್ನು ಶಾಲೆಗೆ ಸೇರಿಸಿದ್ದು ದೊಡ್ಡಪ್ಪ. ಅವರ ಹತ್ತಿರ ಓಡಿದೆ.

“ಅರ್ಧ ರುಜು ಹೋಗಿದ್ದು ಕಾಣ್ಸುತ್ತೆ, ಇದು ಹೇಗೆ ಕಾಣ್ಸಲಿಲ್ಲ ದೊಡ್ಡಪ್ಪ?”

“ನಕಲನ್ನ ಅಸಲಿನ ಜೊತೆ ನೋಡೋದು ನಮ್ಮ ಕೆಲಸ. ಅಸಲನ್ನ ಅಸಲಿನ ಜೊತೆ ನೋಡೋದು ಜಡ್ಜ್ ಕೆಲಸ,” ಎಂದರು. ಹೇಳುವಾಗ ನನಗೆ ಮುಖ ಕೊಡಲಿಲ್ಲ.

ಮರುದಿನ ಬೆಳಗ್ಗೆ ಶಿವಮೊಗ್ಗದಲ್ಲಿ ಅವರ ಪರಿಚಯದ ಟೈಪಿಸ್ಟರ ಮುಂದೆ ಕೂತೆವು. ಪಕ್ಕದ ಮೇಜಿನಲ್ಲೇ ನೋಟರಿ. ಟೈಪಿಸ್ಟರು ದಿನಕ್ಕೆ ಹತ್ತು ಸಲ ಹೊಡೆಯುವ ಮಾತನ್ನೇ ಹೊಡೆದು ಓದಿದರು: “ಶಾಲೆಗೆ ಸೇರಿಸುವ ಕಾಲದಲ್ಲಿ ಜನ್ಮ ದಿನಾಂಕವು ನನ್ನ ಕಣ್ತಪ್ಪಿನಿಂದ ತಪ್ಪಾಗಿ ನಮೂದಾಗಿರುತ್ತದೆ.”

“ಕಣ್ತಪ್ಪಿನಿಂದ ಅನ್ನೋದು ತೆಗೀರಿ,” ಎಂದರು ದೊಡ್ಡಪ್ಪ.

“ಯಾಕ್ ಸಾರ್? ಎಲ್ಲರಿಗೂ ಹೀಗೇ ಹಾಕೋದು.”

“ನನ್ನ ಕಣ್ಣು ತಪ್ಪಿಲ್ಲ. ಗೊತ್ತಿದ್ದೇ ಬರ್ಸಿದೀನಿ.”

ನಾನು ಬೆಪ್ಪಾಗಿ ಅವರನ್ನೇ ನೋಡಿದೆ. ಅವರು ಟೈಪಿಸ್ಟರಿಗೇ ಹೇಳುವವರ ಹಾಗೆ ಹೇಳಿದರು: “ಇವಳಪ್ಪ ತೀರಿಕೊಂಡ ವರ್ಷ. ಇವಳು ದಿನಾ ಮನೆ ಗೇಟ್ ಹತ್ರ ಕೂರೋಳು. ಫ್ಯಾಕ್ಟರಿ ಶಿಫ್ಟ್ ಬಿಟ್ಟು ಸೈಕಲ್ಲುಗಳು ಬಂದಾಗೆಲ್ಲ ಎದ್ದು ನಿಲ್ಲೋಳು. ಮಕ್ಕಳ ಮಧ್ಯೆ ಇದ್ರೆ ಮರೀತಾಳೆ ಅಂತ ಶಾಲೆಗೆ ಕರ್ಕೊಂಡ್ಹೋದೆ. ಏಳು ತಿಂಗಳು ಸಾಲದು, ಮುಂದಿನ ವರ್ಷ ತನ್ನಿ ಅಂದ್ರು. ಇನ್ನೊಂದು ವರ್ಷ ಅಲ್ಲೇ ಕೂರ್ಸೋಕಾಗುತ್ತಾ? ಜೂನ್ ಒಂದು ಅಂತ ಬರ್ಕೊಳಿ ಅಂದೆ.”

ಟೈಪಿಸ್ಟರು ಕೀಲಿಗಳ ಮೇಲಿಂದ ಬೆರಳು ತೆಗೆದರು. “ಸಾರ್, ಗೊತ್ತಿದ್ದೇ ಬರ್ಸಿದೀನಿ ಅಂತ ಹಾಕಿದ್ರೆ ಇವತ್ತಿಗೆ ಹುಡುಗಿ ಅರ್ಜಿ ಹೋಯ್ತು. ನೀವೇ ಹೇಳಿ, ಏನ್ ಹೊಡೀಲಿ?”

“ಬೇಡ ದೊಡ್ಡಪ್ಪ, ಮುಂದಿನ ವರ್ಷ ನೋಡೋಣ,” ಎಂದೆ. ಬಾಯಿಮಾತಿಗಲ್ಲ, ಮನಸ್ಸಿನಿಂದಲೇ ಹೇಳಿದೆ.

ದೊಡ್ಡಪ್ಪ ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿದರು. ಆಮೇಲೆ ಕಾಗದ ಎಳೆದುಕೊಂಡು, ಹೊಡೆದಿದ್ದ ಮಾತನ್ನು ಹಾಗೇ ಇಟ್ಟು, ಕೆಳಗೆ ರುಜು ಹಾಕಿದರು. ನೋಟರಿ ಮೊಹರು ಒತ್ತುವ ಮುಂಚೆ “ಇದರಲ್ಲಿರೋದು ನಿಜ ತಾನೇ ಯಜಮಾನ್ರೇ?” ಎಂದು ಕೇಳಿದರು.

“ಹೌದು ಸ್ವಾಮಿ,” ಎಂದರು. “ಕಣ್ತಪ್ಪು. ನಂದೇ.”

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ ಅತ್ತೆ. ಮಧ್ಯಾಹ್ನದೊಳಗೆ ವಿಶ್ವವಿದ್ಯಾಲಯಕ್ಕೆ ಹೋಗಿ ಅಫಿಡವಿಟ್ ಕೊಟ್ಟು, ಸ್ವೀಕೃತಿ ಪಡೆದು, ಭದ್ರಾವತಿಯ ಬಸ್ಸು ಹತ್ತಿದೆವು. ಅರ್ಧ ದಾರಿ ದಾಟಿದ ಮೇಲೆ ನಾನೇ ಕೇಳಿದೆ.

“ದೊಡ್ಡಪ್ಪ, ಶಾಲೆಗೆ ಸೇರಿದ ಮೇಲೆ ನಾನು ಗೇಟ್ ಹತ್ರ ಕೂರೋದು ಬಿಟ್ಟೆನಾ?”

ಅವರು ಕಿಟಕಿಯ ಕಡೆ ತಿರುಗಿದರು. “ಎಲ್ಲಿ ಬಿಟ್ಟೆ ಮಾರಾಯ್ತಿ,” ಎಂದರು. “ಆಮೇಲೂ ದಿನಾ ಸಂಜೆ ನೀನು ಅಲ್ಲೇ ಕೂತಿರ್ತಿದ್ದೆ. ನನ್ನ ಬಸ್ಸಿಗೆ ಕಾಯ್ತಾ.”